ಹಿರಿಯರ ಮನೆ ರಿಪೇರಿಗೆ ಸರಕಾರದ ನೆರವು: ಕಾಸರಗೋಡಿನಲ್ಲಿ ಪಡೆಯುವುದು ಹೇಗೆ?

ಕುಂಬಳೆ, ಬದಿಯಡ್ಕ, ಪೈವಳಿಕೆ ಕಡೆಯ ಹಳೇ ಹಂಚಿನ ಮನೆಗಳಲ್ಲಿ ಈಗ ಉಳಿದಿರುವುದು ಹೆಚ್ಚಾಗಿ ಅಜ್ಜ ಅಜ್ಜಿಯರೇ. ಮಕ್ಕಳು ಗಲ್ಫಿನಲ್ಲೋ ಮಂಗಳೂರಿನಲ್ಲೋ ಇರುತ್ತಾರೆ. ಮಾಡು (ಛಾವಣಿ) ಹೊರುವ ಪಕ್ಕಾಸು ಕುಂಬಾಗಿದೆ, ಹಂಚು ಕೂರುವ ರೀಪು ಗೆದ್ದಲು ಹಿಡಿದಿದೆ. ಸೋರುವ ಮಾಡಿಗಿಂತ ಜಾಸ್ತಿ ಅಪಾಯ ಹೊರಗಿನ ಬಚ್ಚಲಿಗೆ ಇಳಿಯುವ ಪಾಚಿಗಟ್ಟಿದ ಮೆಟ್ಟಿಲಿನದ್ದು. ಇದನ್ನೆಲ್ಲ ಸರಿಮಾಡಲು ಸರಕಾರದ ಹಣ ಸಿಗುತ್ತದಾ? ಸಿಗುತ್ತದೆ. ಅದು ಹೆಚ್ಚಾಗಿ ಬರುವುದು ಗ್ರಾಮಸಭೆಯ ಪಟ್ಟಿಯ ಮೂಲಕ.

ಮೊದಲು, ಯಾವ ಯೋಜನೆ?

ಕೇರಳ ಸರಕಾರದ ವಸತಿ ಯೋಜನೆ ಲೈಫ್ ಮಿಷನ್‌ನ 4 ಲಕ್ಷ ರೂಪಾಯಿ ಹೊಸ ಮನೆಗೆ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗವೂ ಹೊಸ ಮನೆಗೇ. ರಿಪೇರಿಗೆಂದು ಅಲ್ಲಿ ಅರ್ಜಿ ಹಾಕಿ ಕಾಯುವುದು ಸುಮ್ನೆ ಕಾಲಹರಣ.

ನಿಮಗೆ ಬೇಕಾದದ್ದು ಪಂಚಾಯತು ತನ್ನ ವಾರ್ಷಿಕ ಯೋಜನೆಯಲ್ಲಿ ಇಡುವ ಮನೆ ದುರಸ್ತಿ ಯೋಜನೆ. ಮೊತ್ತ ಎಷ್ಟು, ಷರತ್ತು ಏನು ಎಂಬುದು ಪಂಚಾಯತಿನಿಂದ ಪಂಚಾಯತಿಗೆ, ವರ್ಷದಿಂದ ವರ್ಷಕ್ಕೆ ಬೇರೆ. ಪಕ್ಕದ ಪಂಚಾಯತಿನವರು ಹೇಳಿದ ಲೆಕ್ಕ ನಂಬಬೇಡಿ. ಈ ವರ್ಷ ಏನಿದೆ ಎಂದು ನಿಮ್ಮ ವಾರ್ಡ್ ಮೆಂಬರನ್ನೇ ಕೇಳಿ.

ಬೇರೆ ದಾರಿಗಳೂ ಇವೆ. ಪರಿಶಿಷ್ಟ ಜಾತಿಯವರಿಗೆ ಪರಿಶಿಷ್ಟ ಜಾತಿ ಅಭಿವೃದ್ಧಿ ಇಲಾಖೆಯ ‘ಸೇಫ್’ ಯೋಜನೆ ಇದೆ. ಇದರ ವಿವರ ಪಂಚಾಯತಿನಲ್ಲಿ ಆ ಇಲಾಖೆಯ ಯೋಜನೆಗಳನ್ನು ನೋಡಿಕೊಳ್ಳುವ ಎಸ್‌ಸಿ ಪ್ರೊಮೋಟರ್ ಬಳಿ ಸಿಗುತ್ತದೆ. ಅಲ್ಪಸಂಖ್ಯಾತ ಸಮುದಾಯದ ವಿಧವೆಯರು, ವಿಚ್ಛೇದಿತೆಯರು, ಗಂಡ ಬಿಟ್ಟುಹೋದ ಮಹಿಳೆಯರಿಗೆ ಅಲ್ಪಸಂಖ್ಯಾತ ಕಲ್ಯಾಣ ಇಲಾಖೆಯ ಇಂಬಿಚಿ ಬಾವ ಯೋಜನೆಯಲ್ಲಿ 50,000 ರೂಪಾಯಿ ಇದೆ. ಮನೆ 1,200 ಚದರಡಿ ಮೀರಿರಬಾರದು, ಹಣ ಹಿಂದೆ ಕೊಡಬೇಕಾಗಿಲ್ಲ. ಅರ್ಜಿ ಕರೆದಾಗ ವಿದ್ಯಾನಗರದ ಕಲೆಕ್ಟರೇಟಿಗೆ ಕೊಡಬೇಕು. ಶೌಚಾಲಯವೇ ಇಲ್ಲದ ಮನೆಯಾದರೆ ಸ್ವಚ್ಛ ಭಾರತದ 12,000 ರೂಪಾಯಿಯನ್ನೂ ಕೇಳಿ ನೋಡಿ.

ಕಾಗದಪತ್ರ

ಹೆಚ್ಚಿನ ಅರ್ಜಿಗಳು ಎಡವುವುದು ಇಲ್ಲಿ. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಎಲ್ಲರ ಬಳಿ ಇರುತ್ತವೆ. ಹಳದಿ ಅಥವಾ ಗುಲಾಬಿ ಕಾರ್ಡಿನವರಿಗೆ ಸಾಮಾನ್ಯವಾಗಿ ಮೊದಲ ಆದ್ಯತೆ. ತಾಪತ್ರಯ ಶುರುವಾಗುವುದು ಈ ವರ್ಷದ ತೀರ್ವೆ (ಭೂಕಂದಾಯ) ರಶೀದಿ ಮತ್ತು ಪಂಚಾಯತಿನ ಮನೆ ಒಡೆತನದ ಸರ್ಟಿಫಿಕೇಟ್ ತೆಗೆಯುವಾಗ. ಎಷ್ಟೋ ಮನೆಗಳಲ್ಲಿ ಎರಡೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇವೆ. ವರ್ಷವರ್ಷ ಯಾರೋ ಹೋಗಿ ತೀರ್ವೆ ಕಟ್ಟಿ ಬರುತ್ತಾರೆ, ಹೆಸರು ಬದಲಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಅರ್ಜಿ ಅಜ್ಜಿಯ ಹೆಸರಿನಲ್ಲಿ, ಮನೆ ಅಜ್ಜನ ಹೆಸರಿನಲ್ಲಿ ಎಂದಾದರೆ ಫೈಲು ಅಲ್ಲೇ ನಿಲ್ಲುತ್ತದೆ. ಹೆಸರು ಬದಲಾವಣೆಗೆ ಮರಣ ಪತ್ರ, ವಾರಸುದಾರರ ಒಪ್ಪಿಗೆ ಎಲ್ಲ ಬೇಕು. ಗಲ್ಫಿನ ಮಗ ರಜೆಯಲ್ಲಿ ಬಂದಾಗಲೇ ಮಾಡಿಸಿಬಿಡಿ. ದುರಸ್ತಿಗೆ ಅರ್ಜಿ ಕರೆದ ಮೇಲೆ ಓಡಾಡಿದರೆ ಸಮಯ ಸಾಲುವುದಿಲ್ಲ.

ಫಾರಂ ಮಲಯಾಳದಲ್ಲೇ ಇದೆ ಎಂದು ಹಿಂಜರಿಯಬೇಡಿ. 1969ರ ಕೇರಳ ಅಧಿಕೃತ ಭಾಷಾ ಕಾನೂನಿನ ಪ್ರಕಾರ ಕನ್ನಡಿಗರು ಹೆಚ್ಚಿರುವ ಪ್ರದೇಶದ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು.

ಗ್ರಾಮಸಭೆ

ಕೇರಳದಲ್ಲಿ ಗ್ರಾಮಸಭೆ ನಡೆಯುವುದು ವಾರ್ಡಿಗೊಂದರಂತೆ. ವಾರ್ಡಿನ ಮತದಾರರೆಲ್ಲ ಅದರ ಸದಸ್ಯರು. ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಫಲಾನುಭವಿಗಳ ಆದ್ಯತಾ ಪಟ್ಟಿ ಓದುವ ಸಭೆಗೆ ಮನೆಯಿಂದ ಒಬ್ಬರಾದರೂ ಹೋಗಿ. ಶಾಲೆಯ ಬೆಂಚಿನಲ್ಲಿ ಎರಡು ಗಂಟೆ ಕೂರುವುದು ಬೇಸರದ ಕೆಲಸವೇ. ಆದರೆ ಹೆಸರು ಬಿಟ್ಟುಹೋಗಿದ್ದರೆ ಅಲ್ಲೇ ಎದ್ದು ಕೇಳಬಹುದು, ಆಮೇಲೆ ಕೇಳಿದರೆ ‘ಪಟ್ಟಿ ಪಾಸಾಯ್ತಲ್ಲ’ ಎನ್ನುತ್ತಾರೆ.

ಅರ್ಜಿಯಲ್ಲಿ ‘ಮನೆ ಹಾಳಾಗಿದೆ’ ಎಂದಷ್ಟೇ ಬರೆದರೆ ಸಾಲದು. ಮನೆಯಲ್ಲಿ ಯಾರಿದ್ದಾರೆ, ವಯಸ್ಸೆಷ್ಟು, ಕೋಲು ಹಿಡಿದು ನಡೆಯುತ್ತಾರಾ, ಮಾಡಿನ ಯಾವ ಭಾಗ ಸೋರುತ್ತದೆ, ಕಕ್ಕಸು ಒಳಗಿದೆಯಾ ಹೊರಗಿದೆಯಾ, ಎಲ್ಲ ಬರೆಯಿರಿ. ಹಾಸಿಗೆ ಹಿಡಿದವರ ಆರೈಕೆಗೆ ಪಾಲಿಯೇಟಿವ್ ನರ್ಸ್ ಮನೆಗೆ ಬರುತ್ತಿದ್ದರೆ ಅದನ್ನೂ ಸೇರಿಸಿ.

ಓವರ್ಸಿಯರ್ ಬಂದಾಗ

ಪಟ್ಟಿ ಪಾಸಾದ ಮೇಲೆ, ಕೆಲಸ ಅಳೆದು ಖರ್ಚಿನ ಎಸ್ಟಿಮೇಟ್ ಹಾಕುವ ಓವರ್ಸಿಯರ್ ಟೇಪು ಹಿಡಿದು ಬರುತ್ತಾರೆ. ಎಸ್ಟಿಮೇಟಿನಲ್ಲಿ ಇಲ್ಲದ ಕೆಲಸಕ್ಕೆ ಹಣ ಇಲ್ಲ. ಹಾಗಾಗಿ ಮಾಡು ಮಾತ್ರ ತೋರಿಸಿ ಕಳುಹಿಸಬೇಡಿ, ಬಚ್ಚಲಿನವರೆಗೆ ಕರೆದುಕೊಂಡು ಹೋಗಿ. ಏನು ಕೇಳಬೇಕು?

ಕುಕ್ಕರುಗಾಲಿನ ಕಕ್ಕಸಿನ ಬದಲು ಕುರ್ಚಿಯಂಥ ಕಮೋಡ್. ಪಕ್ಕದ ಗೋಡೆಗೆ ಸ್ಟೀಲಿನ ಹಿಡಿಕೆ. ಮುರಕಲ್ಲಿನ ಗೋಡೆಯಲ್ಲಿ ಸಣ್ಣ ಸ್ಕ್ರೂ ನಿಲ್ಲುವುದಿಲ್ಲ. ಕಲ್ಲು ಕೊರೆದು ಸಿಮೆಂಟಿನಲ್ಲಿ ಕೂರಿಸಿದರೆ ಮಾತ್ರ ಮೈಭಾರ ತಡೆಯುತ್ತದೆ. ಬಚ್ಚಲಿನ ಬಾಗಿಲು ಹೊರಕ್ಕೆ ತೆರೆಯುವಂತಿರಲಿ. ಒಳಗೆ ಬಿದ್ದವರ ಮೈ ಅಡ್ಡ ಬಂದರೆ ಒಳಕ್ಕೆ ತೆರೆಯುವ ಬಾಗಿಲು ದೂಡಲಾಗುವುದಿಲ್ಲ. ನೆಲಕ್ಕೆ ನುಣುಪು ಟೈಲ್ಸ್ ಬೇಡವೇ ಬೇಡ, ಅಂಗಡಿಯವರು ಎಷ್ಟು ಹೊಗಳಿದರೂ.

ರ‍್ಯಾಂಪ್ ಬೇಕೆನ್ನುವವರು ಮೊದಲು ಅಂಗಳ ಅಳೆಯಿರಿ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಬೇಕು. ಜಗಲಿ ಎರಡಡಿ ಎತ್ತರ ಇದ್ದರೆ ಇಪ್ಪತ್ತನಾಲ್ಕಡಿ! ಅಷ್ಟು ಜಾಗ ಎಲ್ಲಿದೆ ಅಲ್ವಾ? ಗಾಲಿಕುರ್ಚಿ ಇಲ್ಲದ ಮನೆಗೆ ತಗ್ಗು ಮೆಟ್ಟಿಲು, ಎರಡೂ ಬದಿ ಕೈಹಿಡಿ ಸಾಕು.

ಕೆಲಸ, ಕಂತು

ಪಂಚಾಯತಿನೊಂದಿಗೆ ಕರಾರು ಆಗುವ ಮೊದಲು ಹಂಚು ಇಳಿಸಬೇಡಿ. ಮುಗಿದ ಕೆಲಸಕ್ಕೆ ಎಸ್ಟಿಮೇಟ್ ಹಾಕಲು ಯಾರೂ ಒಪ್ಪುವುದಿಲ್ಲ. ಹಣ ಬ್ಯಾಂಕ್ ಖಾತೆಗೇ ಬರುತ್ತದೆ, ಎಲ್ಲವೂ ಒಟ್ಟಿಗೆ ಬರಬೇಕೆಂದಿಲ್ಲ. ಕೊನೆಯ ಬಿಲ್ಲು ಕೆಲಸ ಮುಗಿದು ಅಳತೆ ಆದ ಮೇಲೆಯೇ. ಮಾರ್ಚ್ 31ಕ್ಕೆ ಹಣಕಾಸು ವರ್ಷ ಮುಗಿಯುವುದರಿಂದ ಕೊನೆಯ ವಾರ ಆಫೀಸಿನಲ್ಲಿ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಫೆಬ್ರವರಿಯೊಳಗೆ ಕೆಲಸ ಮುಗಿಸಿ ಅಳತೆಗೆ ಹೇಳಿಬಿಡಿ. ಮಾಡಿನ ಕೆಲಸಕ್ಕೂ ಅದೇ ಒಣ ಕಾಲ.

ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಕೇಳಿ. ಕೊಡದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಇದೆ.

ಇನ್ನು ಗಾಳಿಮಳೆಗೆ ಮರ ಬಿದ್ದು ಮನೆ ಹಾನಿಯಾದರೆ ಗ್ರಾಮಸಭೆಗೆ ಕಾಯಬೇಕಾಗಿಲ್ಲ. ಅದು ಪ್ರಕೃತಿ ವಿಕೋಪದ ಪರಿಹಾರ, ಅರ್ಜಿ ವಿಲೇಜ್ ಆಫೀಸಿಗೆ. ಬಿದ್ದ ಮರ ಕಡಿಯುವ ಮೊದಲು, ಒಡೆದ ಹಂಚು ಗುಡಿಸುವ ಮೊದಲು ಫೋಟೋ ತೆಗೆದಿಟ್ಟು ಅದೇ ದಿನ ತಿಳಿಸಿ.