ಚಿನ್ನ ಲೇಪಿತ ಸೂಕ್ಷ್ಮ ಕುಳಿಗಳಿಂದ ರಾಮನ್ ಸಂಕೇತವನ್ನು ಹೆಚ್ಚಿಸುವುದು ಹೇಗೆ?

ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ 1928ರಲ್ಲಿ ಗುರುತಿಸಿದ, ಬೆಳಕು ಅಣುವಿಗೆ ತಗುಲಿ ಬಣ್ಣ ಬದಲಿಸುವ ಚದುರಿಕೆಯಿಂದ (ಇದೇ ರಾಮನ್ ಸಂಕೇತ) ಅಣುವಿನ ಗುರುತು ಹಿಡಿಯಬಹುದು. ಆದರೆ ಹಾಗೆ ಬಣ್ಣ ಬದಲಿಸಿ ಚದುರುವ ಫೋಟಾನು ಸುಮಾರು ಕೋಟಿಗೊಂದು. 1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಒರಟಾದ ಬೆಳ್ಳಿಯ ಮೇಲೆ ಕುಳಿತ ಪಿರಿಡಿನ್ ಅಣುಗಳಿಂದ ಅಸಾಧಾರಣವಾಗಿ ಪ್ರಬಲ ಸಂಕೇತ ದೊರೆಯಿತು. ಬೆಳಕು ಬಿದ್ದಾಗ ಲೋಹದ ಎಲೆಕ್ಟ್ರಾನುಗಳು ಒಟ್ಟಾಗಿ ತೂಗಾಡುವುದನ್ನು ಪ್ಲಾಸ್ಮಾನ್ ಎನ್ನುತ್ತಾರೆ. ಇದರಿಂದ ಮೇಲ್ಮೈಯ ವಿದ್ಯುತ್ ಕ್ಷೇತ್ರ ಹತ್ತು ಪಟ್ಟಾದರೆ, ರಾಮನ್ ಸಂಕೇತ ಸುಮಾರು ಹತ್ತು ಸಾವಿರ ಪಟ್ಟಾಗುತ್ತದೆ.

ಒರಟು ಲೋಹದಲ್ಲಿ ಸಂಕೇತ ಜಾಗದಿಂದ ಜಾಗಕ್ಕೆ ಏರುಪೇರಾಗುತ್ತದೆ. ಸಂವೇದಕಕ್ಕೆ ಬೇಕಾದದ್ದು ದಾಖಲೆಯ ವರ್ಧನೆಯಲ್ಲ, ಎಲ್ಲೆಡೆ ಒಂದೇ ಬಗೆಯ ವರ್ಧನೆ. ಆದ್ದರಿಂದ ಕ್ರಮಬದ್ಧ ಕುಳಿಗಳೇ ಮೇಲು.

ಮೊದಲು ಸಿಲಿಕಾನ್ ಬಿಲ್ಲೆಯ ಮೇಲಿನ ರಕ್ಷಕ ಪದರದಲ್ಲಿ ಲಿಥೋಗ್ರಫಿಯಿಂದ (ಸೂಕ್ಷ್ಮ ವಿನ್ಯಾಸ ಮೂಡಿಸುವ ವಿಧಾನ) ಚೌಕ ಕಿಂಡಿಗಳನ್ನು ತೆರೆಯಬೇಕು. ಅನಂತರ ಬಿಸಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಅದ್ದಿದರೆ, ಹರಳಿನ ಮುಖಗಳು 54.7 ಡಿಗ್ರಿ ಓರೆಯಲ್ಲಿ ಕೂಡಿ ತಲೆಕೆಳಗಾದ ಪಿರಮಿಡ್ ಮೂಡುತ್ತದೆ. ಮೊನೆ ಕೂಡಿದ ಮೇಲೆ ಕೊರೆತ ತಾನಾಗಿಯೇ ಬಹುಮಟ್ಟಿಗೆ ನಿಲ್ಲುತ್ತದೆ. ಒಂದೂವರೆ ಮೈಕ್ರೋಮೀಟರ್ ಅಗಲದ ಕುಳಿ ಸುಮಾರು ಒಂದು ಮೈಕ್ರೋಮೀಟರ್ ಆಳ ಇಳಿಯುತ್ತದೆ. ಚಿನ್ನ ಸಿಲಿಕಾನಿಗೆ ಸರಿಯಾಗಿ ಅಂಟುವುದಿಲ್ಲವಾದ್ದರಿಂದ ಮೊದಲು ಕೆಲವೇ ನ್ಯಾನೋಮೀಟರ್ ಟೈಟಾನಿಯಂ, ಅದರ ಮೇಲೆ ಚಿನ್ನ ಲೇಪಿಸಬೇಕು. ಬೆಳ್ಳಿ ಹೆಚ್ಚು ವರ್ಧಿಸಿದರೂ ಗಾಳಿಯಲ್ಲಿ ಬೇಗ ಕಪ್ಪಾಗುತ್ತದೆ.

ಚಿನ್ನಕ್ಕೆ ಸಾಮಾನ್ಯವಾಗಿ 785 ನ್ಯಾನೋಮೀಟರ್ ಲೇಸರ್ ಹೊಂದುತ್ತದೆ. ಲೇಪವಿಲ್ಲದ ಸಿಲಿಕಾನಿನ 520ರ ಶಿಖರದಿಂದ (ಶಿಖರಗಳ ಅಂಕಿಗಳು ಬೆಳಕಿನ ಬಣ್ಣ ಎಷ್ಟು ಬದಲಾಯಿತೆಂಬ ಅಳತೆ, ಏಕಮಾನ cm⁻¹) ಉಪಕರಣವನ್ನು ಸರಿಹೊಂದಿಸಿ, ಖಾಲಿ ಕುಳಿಗಳ ಹಿನ್ನೆಲೆಯನ್ನೂ ದಾಖಲಿಸಿಕೊಳ್ಳಬೇಕು. ಈ ಎರಡನೆಯದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ, ಗಾಳಿಯಿಂದ ಅಂಟಿದ ಕೊಳೆಯನ್ನೇ ಮಾದರಿಯ ಸಂಕೇತವೆಂದು ಓದುತ್ತಾರೆ. ಪರೀಕ್ಷೆಗೆ ಬೆಂಜೀನ್‌ಥಯಾಲ್ ಅನುಕೂಲಕರ. ಅದರ ಗಂಧಕ ಚಿನ್ನಕ್ಕೆ ಬಂಧಿಸಿ ಒಂದೇ ಅಣುವಿನ ದಪ್ಪದ ಪದರವಾಗುತ್ತದೆ, ಹೆಚ್ಚಿನದು ಎಥನಾಲಿನಲ್ಲಿ ತೊಳೆದುಹೋಗುತ್ತದೆ. ಹಲವು ಜಾಗಗಳಲ್ಲಿ 1073ರ ಸುತ್ತಲಿನ ಶಿಖರದ ಎತ್ತರ ಒಂದೇ ತೆರನಾಗಿದ್ದರೆ ಬಿಲ್ಲೆ ಬಳಕೆಗೆ ಯೋಗ್ಯ.

ಲೇಸರ್ ಶಕ್ತಿಯನ್ನು ಕಡಿಮೆಯಿಂದಲೇ ಆರಂಭಿಸಬೇಕು. 1350 ಮತ್ತು 1580ರ ಬಳಿ ಅಗಲವಾದ ಉಬ್ಬುಗಳು ಕಂಡರೆ ಮಾದರಿ ಸುಟ್ಟು ಇಂಗಾಲವಾಗಿರುವ ಸಾಧ್ಯತೆ ಹೆಚ್ಚು. ಶಕ್ತಿ ತಗ್ಗಿಸಿ ಬೇರೆ ಜಾಗಕ್ಕೆ ಸರಿಯಬೇಕು.

ಪ್ರಮಾಣ ತಿಳಿಯಲು ಸಾರತೆ ಗೊತ್ತಿರುವ ದ್ರಾವಣಗಳನ್ನು ಅಳೆದು ನಕ್ಷೆ ಬರೆಯಬೇಕು. ವರ್ಧನೆ ಮೇಲ್ಮೈಯಿಂದ ಕೆಲವೇ ನ್ಯಾನೋಮೀಟರ್ ದೂರದವರೆಗೆ ಮಾತ್ರ ಇರುವುದರಿಂದ, ಚಿನ್ನದ ಮೇಲೆ ಜಾಗ ತುಂಬಿದ ಬಳಿಕ ಸಾರತೆ ಹೆಚ್ಚಿದರೂ ಸಂಕೇತ ಏರದೆ ರೇಖೆ ಬಾಗುತ್ತದೆ. ಮಾದರಿ ಆ ಭಾಗಕ್ಕೆ ಬಿದ್ದರೆ ಅದನ್ನು ತೆಳುಗೊಳಿಸಿ ಮತ್ತೆ ಅಳೆಯಬೇಕು.