ಐದೇ ಪದಾರ್ಥಗಳ ಸೋಮವಾರ

ಚಿಕ್ಕಬಳ್ಳಾಪುರದ ನಮ್ಮ ಮನೆಯ ಮಹಡಿಗೆ ಹತ್ತಿದರೆ ನಂದಿಬೆಟ್ಟ ಕಾಣುತ್ತದೆ. 1927ರಲ್ಲಿ ಆರೋಗ್ಯ ಕೆಟ್ಟಾಗ ಗಾಂಧೀಜಿ ವಿಶ್ರಾಂತಿಗೆಂದು ಬಂದು ಉಳಿದದ್ದು ಅಲ್ಲಿ. ದಿನಕ್ಕೆ ಐದಕ್ಕಿಂತ ಹೆಚ್ಚು ಪದಾರ್ಥ ತಿನ್ನುವುದಿಲ್ಲ, ಕತ್ತಲಾದ ಮೇಲೆ ಉಣ್ಣುವುದಿಲ್ಲ ಎಂದು ಅವರು 1915ರ ಹರಿದ್ವಾರದ ಕುಂಭಮೇಳದಲ್ಲಿ ವ್ರತ ತೊಟ್ಟಿದ್ದರು. ಕಾಯಿಲೆ ಬಿದ್ದಾಗ ಔಷಧಿಯನ್ನೂ ಐದರಲ್ಲಿ ಎಣಿಸಬೇಕಾದರೆ ಗತಿಯೇನು ಎಂದು ಯೋಚಿಸಿ, ಆದರೂ ಯಾವ ವಿನಾಯಿತಿಯೂ ಬೇಡವೆಂದು ತೀರ್ಮಾನಿಸಿದರು. ಆ ವ್ರತವನ್ನು ಕಳೆದ ಕಾರ್ತಿಕದಿಂದ ಸೋಮವಾರದ ಮಟ್ಟಿಗೆ ನಾನೂ ಹಿಡಿದಿದ್ದೇನೆ.

ಮೊದಲ ವಾರ ಒಗ್ಗರಣೆಯಲ್ಲೇ ಸೋತೆ. ಸಾಸಿವೆ, ಜೀರಿಗೆ, ಬೆಳ್ಳುಳ್ಳಿ, ಕರಿಬೇವು, ಒಣಮೆಣಸಿನಕಾಯಿ: ಐದೂ ಅಲ್ಲಿಗೇ ಮುಗಿದವು, ಎಣ್ಣೆ ಬೇರೆ. ಕಾಫಿ ಕುಡಿದರೆ ಪುಡಿ, ಹಾಲು, ಸಕ್ಕರೆ ಎಂದು ಮೂರು ಹೋಗುತ್ತವೆ, ಅದನ್ನು ಬಿಟ್ಟೆ. ಕೊನೆಗೆ ರಾಗಿ ಹಿಟ್ಟು, ತೊಗರಿಬೇಳೆ, ಸೊಪ್ಪು, ಹಸಿಮೆಣಸಿನಕಾಯಿ, ಉಪ್ಪು ಎಂದು ಗಟ್ಟಿ ಮಾಡಿಕೊಂಡೆ. ಹುಣಸೆಯಿಲ್ಲದ ಮಸ್ಸೊಪ್ಪು ಸಪ್ಪೆಯಾಯಿತು. ದಂಟಿನ ಬದಲು ಗೋಂಗುರ ಬೇಯಿಸಿದೆ, ಹುಳಿ ತಾನೇ ಬಂತು. ಬಿಸಿ ಮುದ್ದೆಗೆ ಅದಕ್ಕಿಂತ ಒಳ್ಳೆಯ ಜೊತೆಯನ್ನು ನಾನು ಕಂಡಿಲ್ಲ.

ಅವರೆಕಾಯಿಯ ಕಾಲದಲ್ಲಿ ಶಿಡ್ಲಘಟ್ಟದ ಅಕ್ಕನ ಮನೆಗೆ ಹೋದೆ. ಮಾರನೆಯ ದಿನ ಸೋಮವಾರ. ರಾತ್ರಿ ಹನ್ನೊಂದಾದರೂ ಅಕ್ಕ, ಸೊಸೆ ಇಬ್ಬರೂ ನೆನೆಸಿದ ಕಾಳಿನ ಬೋಗುಣಿ ಮುಂದಿಟ್ಟುಕೊಂಡು ಹಿತಕುತ್ತಿದ್ದರು. ಬೆರಳುಗಳು ನೀರಿಗೆ ಮುರುಟಿದ್ದವು. ‘ನಿನ್ನ ಲೆಕ್ಕಕ್ಕೆ ಬೇಳೆ ಒಂದೇ ಪದಾರ್ಥ ತಾನೇ’ ಎಂದಳು ಅಕ್ಕ.

ನನಗೆ, ಕುಂಭಮೇಳಕ್ಕೆ ಮುಂಚೆ ಗಾಂಧೀಜಿ ಅತಿಥಿಯಾಗಿದ್ದ ಕಲ್ಕತ್ತೆಯ ಕಾಂಗ್ರೆಸ್ ನಾಯಕ ಭೂಪೇಂದ್ರನಾಥ ಬಸು ಅವರ ಮನೆ ನೆನಪಾಯಿತು. ಆಗ ಹಣ್ಣು, ಬೀಜಗಳನ್ನಷ್ಟೇ ತಿನ್ನುತ್ತಿದ್ದ ಗಾಂಧೀಜಿಗಾಗಿ ಊರಿನಲ್ಲಿ ಸಿಗುವ ಹಣ್ಣುಗಳನ್ನೆಲ್ಲ ತರಿಸಿದ್ದರು. ಬೀಜಗಳ ಸಿಪ್ಪೆ ಸುಲಿಯುತ್ತ ಮನೆಯ ಹೆಂಗಸರು ರಾತ್ರಿಯಿಡೀ ಎಚ್ಚರವಿದ್ದರು. ಇಬ್ಬರು ಮೂವರು ಅತಿಥಿಗಳಿಗಾಗಿ ಇಡೀ ಮನೆ ದುಡಿಯುವುದನ್ನು ಗಾಂಧೀಜಿಯಿಂದ ಸಹಿಸಲಾಗಲಿಲ್ಲ. ವ್ರತ ಹುಟ್ಟಿದ್ದಕ್ಕೆ ಆ ಸಂಕಟವೂ ಕಾರಣ. ಅದನ್ನು ಓದಿಯೂ ನಾನು ನನ್ನ ತಟ್ಟೆಯಲ್ಲಿದ್ದದ್ದನ್ನು ಮಾತ್ರ ಎಣಿಸುತ್ತಿದ್ದೆ.

ಅಕ್ಕನ ಪಕ್ಕ ಕುಳಿತು ಬೋಗುಣಿಗೆ ಕೈ ಹಾಕಿದೆ. ಮೊದಲ ಹಿಡಿಯಲ್ಲಿ ಅರ್ಧ ಬೇಳೆ ನಜ್ಜುಗುಜ್ಜಾಯಿತು. ಹೆಬ್ಬೆರಳನ್ನು ಎಲ್ಲಿ ಒತ್ತಬೇಕೆಂದು ಸೊಸೆ ತೋರಿಸಿಕೊಟ್ಟಳು.