ಸಿಗರೇಟು ಕಚ್ಚಿದ ಅಸ್ಥಿಪಂಜರದ ಪ್ರತಿ ಮಾಡಿಸುವವರಿಗೆ

1886ರಲ್ಲಿ ಆಂಟ್‌ವರ್ಪ್‌ನ ಕಲಾಶಾಲೆಯಲ್ಲಿದ್ದಾಗ ವ್ಯಾನ್ ಗೋ ತಮಾಷೆಗೆ ಬಿಡಿಸಿದ ಚಿತ್ರ ಇದು. ಈಗ ಆಮ್‌ಸ್ಟರ್‌ಡ್ಯಾಮ್‌ನ ವ್ಯಾನ್ ಗೋ ಮ್ಯೂಸಿಯಂನಲ್ಲಿದೆ. ಎತ್ತರ ಬರೀ 32 ಸೆಂ.ಮೀ. ಹಾಗಾಗಿ ಪ್ರತಿಯನ್ನೂ ಅದೇ ಅಳತೆಗೆ ಮಾಡಿಸಿ. ಸುಮ್ನೆ ದೊಡ್ಡದು ಮಾಡಿಸಿದರೆ ಕುಂಚದ ಆ ಬೀಸು ತೆಳುವಾಗಿ ಕಾಣುತ್ತದೆ.

ದುಡ್ಡು ಕೊಡುವ ಮೊದಲು ಹಲ್ಲು ಮತ್ತು ಸಿಗರೇಟಿನ ಕೆಂಡವನ್ನು ಹತ್ತಿರದಿಂದ ತೆಗೆದ ಫೋಟೋ ಕೇಳಿ. ಪಕ್ಕದಿಂದ ಬೆಳಕು ಬಿಟ್ಟು ತೆಗೆದಿರಬೇಕು. ಕೈಯಲ್ಲೇ ಬಿಡಿಸಿದ್ದಾದರೆ ಬಣ್ಣದ ಏರುತಗ್ಗು ಕಾಣುತ್ತದೆ. ಸಣ್ಣ ಸಣ್ಣ ಚುಕ್ಕಿ ಕಂಡರೆ ಅದು ಪ್ರಿಂಟು. ನಾನು ಒಮ್ಮೆ ಮೋಸಹೋಗಿದ್ದು ಹೀಗೇ, ಏರುತಗ್ಗು ಕಾಣಲಿ ಅಂತ ಪ್ರಿಂಟಿನ ಮೇಲೆ ಪಾರದರ್ಶಕ ಜೆಲ್ ಬಳಿದಿದ್ದರು!

ಎಣ್ಣೆಬಣ್ಣ ಒಳಗೂ ಒಣಗಲು ತಿಂಗಳುಗಳೇ ಬೇಕು. ಅವಸರ ಮಾಡಬೇಡಿ. ಕ್ಯಾನ್ವಾಸನ್ನು ಸುರುಳಿ ಸುತ್ತಿ ಕಳಿಸುವುದಾದರೆ ಬಣ್ಣದ ಮುಖ ಹೊರಗಿರಲಿ.